ಮೌನದತ್ತ ಸಾಗಿದ ಗಾನವೃಂದ

ಪಾಶ್ಚಾತ್ಯ ಪಾಪ್ ಸಂಗೀತವೆಂದೊಡನೆ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ಕಿವಿ ಗಡಚಿಕ್ಕುವ ಸದ್ದು, ಕಣ್ಣು ಕುಕ್ಕುವ ವೇಷ, ವರ್ಷಕ್ಕೊಮ್ಮೆ ಬದಲಾಗುವ ಹುಚ್ಚು; ಅದರಲ್ಲಿ ಮತ್ತೇನಿದೆ ಎಂದು ಕೇಳುವವರುಂಟು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅದೇ ಕ್ಷೇತ್ರದಲ್ಲಿ ಹುಟ್ಟಿ, ಅಲ್ಲಿಯೇ ಹೆಸರು ಹಣಗಳನ್ನು ಗಳಿಸಿ, ತರುವಾಯ ಅವೆರಡನ್ನೂ ಲೆಕ್ಕಿಸದೆ ಬೇರೊಂದು ದಾರಿ ಹಿಡಿದ 'ಟಾಕ್ ಟಾಕ್' ಎಂಬ ಇಂಗ್ಲೆಂಡಿನ ತಂಡದ ವೃತ್ತಾಂತವನ್ನು ವಾಚಕರು ಅವಶ್ಯವಾಗಿ ತಿಳಿಯಬೇಕು.

1970ರ ದಶಕದ ಕೊನೆಯಲ್ಲಿ, 'ಪಂಕ್' ಎಂಬ ಒರಟು ಸಂಗೀತದ ಅಬ್ಬರ ತಗ್ಗತೊಡಗಿದಾಗ, ಅದರ ಚುರುಕನ್ನು ಉಳಿಸಿಕೊಂಡು ಮಾಧುರ್ಯವನ್ನು ಬೆರೆಸಿದ ಹೊಸ ಬಗೆಯೊಂದು ಅಲ್ಲಿ ತಲೆಯೆತ್ತಿತು. ಅದಕ್ಕೆ 'ನ್ಯೂ ವೇವ್', ಅಂದರೆ ಹೊಸ ಅಲೆ, ಎಂಬ ಹೆಸರಾಯಿತು. ಹಲವು ವಾದ್ಯಗಳ ಧ್ವನಿಯನ್ನು ಒಂದೇ ಮನೆಪಟ್ಟಿಯಿಂದ ಹೊಮ್ಮಿಸಬಲ್ಲ ಸಿಂಥಸೈಜರ್ ಈ ಅಲೆಯ ಅನೇಕ ತಂಡಗಳಿಗೆ ಪ್ರಾಣವಾಯಿತು. ಗಾಯಕ ಮಾರ್ಕ್ ಹಾಲಿಸ್, ಡ್ರಮ್ ವಾದಕ ಲೀ ಹ್ಯಾರಿಸ್, ಬಾಸ್ ಗಿಟಾರಿನ ಪಾಲ್ ವೆಬ್, ಕೀಬೋರ್ಡಿನ ಸೈಮನ್ ಬ್ರೆನ್ನರ್ ಇವರು 1981ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ತಂಡವೂ ಇದೇ ಸಿದ್ಧ ಮಾದರಿಯಲ್ಲಿ ಹೊರಟಿತು. ಇ.ಎಂ.ಐ. ಕಂಪನಿಯವರು 1982ರಲ್ಲಿ ಅವರ ಮೊದಲ ಆಲ್ಬಮನ್ನು ಹೊರತಂದರು. ಆ ಕಾಲದ ಜನಪ್ರಿಯ ತಂಡ 'ಡುರಾನ್ ಡುರಾನ್' ನಡೆಸಿದ ಕಾರ್ಯಕ್ರಮಗಳಲ್ಲಿ ಇವರು ಮೊದಲು ಹಾಡಿ ಹೋಗುವವರಾಗಿದ್ದರು. ಕಂಪನಿ ಒಂದೇ, ಹೆಸರಿನಲ್ಲಿಯೂ ಜೋಡಿ ಪದ! ಇವರನ್ನು ಅನುಕರಣೆಯವರೆಂದು ಹಲವರು ಬಗೆದುದರಲ್ಲಿ ಆಶ್ಚರ್ಯವೇನು?

ವಾಸ್ತವವಾಗಿ ಹಾಲಿಸ್ ಅವರಿಗೆ ಸಿಂಥಸೈಜರಿನಲ್ಲಿ ಪ್ರೀತಿಯೇ ಇರಲಿಲ್ಲ. ಹತ್ತಾರು ವಾದ್ಯಗಾರರನ್ನು ಕರೆಸುವ ಶಕ್ತಿ ಇಲ್ಲದ್ದರಿಂದ ಅದನ್ನು ಬಳಸಬೇಕಾಯಿತೆಂದು ಅವರೇ ತಿಳಿಸಿದ್ದಾರೆ. ಬ್ರೆನ್ನರ್ ಹೊರನಡೆದ ಮೇಲೆ ನಿರ್ಮಾಪಕ ಟಿಮ್ ಫ್ರೀಸ್-ಗ್ರೀನ್ ಅವರು ರಚನೆಯಲ್ಲಿ ಜೊತೆಗೂಡಿದರು. 1984ರ 'ಇಟ್ಸ್ ಮೈ ಲೈಫ್' ಸ್ವದೇಶಕ್ಕಿಂತ ಯೂರೋಪಿನ ಇತರ ದೇಶಗಳಲ್ಲಿ ಹೆಚ್ಚು ಮೆಚ್ಚುಗೆ ಪಡೆಯಿತು. 1986ರ 'ದಿ ಕಲರ್ ಆಫ್ ಸ್ಪ್ರಿಂಗ್' ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 8ನೆಯ ಸ್ಥಾನಕ್ಕೇರಿತು. ಕೈಯಲ್ಲಿ ಹಣವಾಡುತ್ತಲೇ ಯಂತ್ರಧ್ವನಿ ಹಿಂದೆ ಸರಿದು, ಪಿಯಾನೋ, ಆರ್ಗನ್ ಮುಂತಾದ ನಿಜವಾದ್ಯಗಳು ಮುಂದೆ ಬಂದವು.

ಇಷ್ಟಾದ ಮೇಲೆ ಅದೇ ಬಗೆಯ ಇನ್ನೊಂದು ಆಲ್ಬಮನ್ನು ಮಾಡಿಕೊಟ್ಟಿದ್ದರೆ ಕಂಪನಿಗೂ ಸಂತೋಷ, ತಂಡಕ್ಕೂ ಲಾಭ. ಅವರು ಹಾಗೆ ಮಾಡಲಿಲ್ಲ. 1986ರ ಪ್ರವಾಸ ಮುಗಿದ ಬಳಿಕ ಮತ್ತೆಂದೂ ಪ್ರವಾಸ ಹೊರಡಲಿಲ್ಲ. ಲಂಡನ್ನಿನ ವೆಸೆಕ್ಸ್ ಸ್ಟುಡಿಯೋವನ್ನು ಹೊಕ್ಕು, ದೀಪಗಳನ್ನಾರಿಸಿ, ಬಹುತೇಕ ಕತ್ತಲೆಯಲ್ಲಿಯೇ ತಿಂಗಳುಗಟ್ಟಲೆ ಧ್ವನಿಮುದ್ರಣ ನಡೆಸಿದರು. ಅತಿಥಿ ವಾದಕರಿಗೆ ಸಿದ್ಧ ಸ್ವರಲಿಪಿಯನ್ನು ಕೊಡದೆ, ಮನಸ್ಸಿಗೆ ಬಂದಂತೆ ನುಡಿಸಲು ಬಿಟ್ಟು, ಗಂಟೆಗಟ್ಟಲೆ ನುಡಿಸಿದ್ದರಲ್ಲಿ ಕೆಲವೇ ಕ್ಷಣಗಳನ್ನು ಆಯ್ದು ಉಳಿದುದನ್ನು ಕೈಬಿಟ್ಟರು. ಒಂದು ಸ್ವರವನ್ನು ನುಡಿಸುವುದಕ್ಕೂ ಕಾರಣವಿರಬೇಕು ಎಂಬುದು ಹಾಲಿಸ್ ಅವರ ನಿಲುವಾಗಿತ್ತು. 1988ರಲ್ಲಿ ಹೊರಬಂದ 'ಸ್ಪಿರಿಟ್ ಆಫ್ ಈಡನ್'ನಲ್ಲಿ ಆರೇ ಗೀತೆಗಳಿವೆ. ತುತ್ತೂರಿಯ ಒಂದೆಳೆ, ದೀರ್ಘ ನಿಶ್ಶಬ್ದ, ಒಮ್ಮೆಲೇ ಏಳುವ ಗಿಟಾರಿನ ಗದ್ದಲ, ಮತ್ತೆ ಚೆಲ್ಮ್ಸ್‌ಫರ್ಡ್ ಕೆಥೆಡ್ರಲಿನ ಗಾಯಕವೃಂದದ ಕಂಠ. ಇವುಗಳೊಳಗೆ ಹೆರಾಯಿನ್ ವ್ಯಸನದ ಘೋರವನ್ನು ಕುರಿತ ಗೀತೆಯೂ ಒಂದುಂಟು. ಅದರಲ್ಲಿ ಬೋಧನೆಯ ಗದರಿಕೆಯಿಲ್ಲ, ಸಂಕಟವಷ್ಟೇ ಇದೆ. ಆದುದರಿಂದಲೇ ಅದು ನಾಟುತ್ತದೆ.

ಕಂಪನಿಯವರು ಕೈಕೈ ಹಿಸುಕಿಕೊಂಡರು. ಇದನ್ನು ಮಾರುವುದೆಂತು? ಇತ್ತ ಒಪ್ಪಂದದಿಂದ ಬಿಡುಗಡೆ ಬಯಸಿದ ತಂಡವು ನ್ಯಾಯಾಲಯದ ಮೆಟ್ಟಿಲೇರಿತು. ಮೊದಲು ಸೋತರೂ ಮೇಲ್ಮನವಿಯಲ್ಲಿ ಗೆದ್ದಿತು. ವಿಚಿತ್ರವೆಂದರೆ, 1984ರಲ್ಲಿ ಬ್ರಿಟನ್ನಿನಲ್ಲಿ 46ನೆಯ ಸ್ಥಾನದಲ್ಲಿಯೇ ನಿಂತಿದ್ದ 'ಇಟ್ಸ್ ಮೈ ಲೈಫ್' ಗೀತೆಯನ್ನು ಅದೇ ಕಂಪನಿ 1990ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಅದು 13ನೆಯ ಸ್ಥಾನ ಪಡೆಯಿತು. ತಂಡವು ತೊರೆದು ಬಂದ ಹಳೆಯ ಶೈಲಿಗೇ ಜನ ಮುಗಿಬಿದ್ದರು! 1991ರಲ್ಲಿ ಕಂಪನಿಯು ಅನುಮತಿಯಿಲ್ಲದೆ ಹಳೆಯ ಗೀತೆಗಳನ್ನು ತಿದ್ದಿ ಹೊರತಂದಾಗ, ತಂಡವು ಮತ್ತೆ ದಾವೆ ಹೂಡಿ ಆ ಪ್ರತಿಗಳನ್ನು ಹಿಂತೆಗೆಸಿತು. ಅದೇ ವರ್ಷ, ಪಾಲ್ ವೆಬ್ ಹೊರಟುಹೋದ ಬಳಿಕ, ಇನ್ನಷ್ಟು ವಿರಳ ಸ್ವರಗಳ 'ಲಾಫಿಂಗ್ ಸ್ಟಾಕ್' ಬಂದಿತು. ಅಲ್ಲಿಗೆ ತಂಡ ಮುಗಿಯಿತು.

1998ರಲ್ಲಿ ತಮ್ಮದೇ ಹೆಸರಿನ ಒಂದು ಆಲ್ಬಮನ್ನು ಹಾಲಿಸ್ ಹೊರತಂದರು. ಬಳಿಕ ರಂಗದಿಂದಲೇ ದೂರವಾದರು. ಊರೂರು ತಿರುಗುವ ಗಾಯಕನ ಬಾಳು ಮತ್ತು ಒಳ್ಳೆಯ ತಂದೆಯ ಬಾಳು ಜೊತೆಜೊತೆಗೆ ನಡೆಯವೆಂದು ಅವರು ಕುಟುಂಬವನ್ನು ಆರಿಸಿಕೊಂಡರು. 2003ರಲ್ಲಿ ಅಮೆರಿಕದ 'ನೋ ಡೌಟ್' ತಂಡ ಅವರ ಹಳೆಯ ಗೀತೆಯನ್ನು ಮತ್ತೆ ಹಾಡಿ ಲೋಕಪ್ರಸಿದ್ಧಗೊಳಿಸಿದಾಗಲೂ ಅವರು ಮರಳಿ ವೇದಿಕೆ ಏರಲಿಲ್ಲ. 2019ರ ಫೆಬ್ರವರಿಯಲ್ಲಿ, 64ನೆಯ ವಯಸ್ಸಿನಲ್ಲಿ, ನಿಧನರಾದರು. 'ಸ್ಪಿರಿಟ್ ಆಫ್ ಈಡನ್', 'ಲಾಫಿಂಗ್ ಸ್ಟಾಕ್' ಎಂಬ ಆ ಎರಡು ಆಲ್ಬಮುಗಳನ್ನೇ ಇಂದು ವಿಮರ್ಶಕರು ಅವರ ಶ್ರೇಷ್ಠ ಕೃತಿಗಳೆಂದು ಎಣಿಸುತ್ತಾರೆ.

ಕೇಳಬಯಸುವ ವಾಚಕರು 'ದಿ ಕಲರ್ ಆಫ್ ಸ್ಪ್ರಿಂಗ್'ನಿಂದ ಆರಂಭಿಸುವುದು ಲೇಸು. ಅದು ಹಳೆಯದಕ್ಕೂ ಹೊಸದಕ್ಕೂ ನಡುವಣ ಹೊಸ್ತಿಲು. 'ಸ್ಪಿರಿಟ್ ಆಫ್ ಈಡನ್'ಗೆ ಮಾತ್ರ ಮನೆಯ ಗದ್ದಲವೆಲ್ಲ ಅಡಗಿದ ರಾತ್ರಿಯ ಹೊತ್ತೇ ತಕ್ಕುದು. ಮೊದಲ ಕೆಲವು ನಿಮಿಷ ಏನೂ ಕೇಳಿಸುತ್ತಿಲ್ಲವೆಂದು ತೋರಿದರೆ ಯಂತ್ರ ಕೆಟ್ಟಿತೆಂದು ಎದ್ದು ಹೋಗಬಾರದು.