ಗುರುಮಠದಲ್ಲಿ ಹುಟ್ಟಿದ ಕಿಡಿ

"ಸ್ತೋತ್ರ ಸ್ವಾಮಿ. ನಮ್ಮ ಹುಡುಗನಿಗೆ ನೀವಾದರೂ ಒಂದು ಮಾತು ಹೇಳಿ." ಭಾನುವಾರದ ಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಬಂದು ನಿಂತರು. ಮಗ ಪ್ಲಸ್ ಟು ಗಣಿತದಲ್ಲಿ ಫೇಲಾಗಿದ್ದಾನೆ. ಮರುಪರೀಕ್ಷೆಗೆ ಮೂರು ವಾರ ಇದೆ. ಅವನೋ ಹೊಸೂರಿನ ಗುಜರಿ ಅಂಗಡಿಯಿಂದ ಪಂಪ್‌ಸೆಟ್ಟಿನ ಸಣ್ಣ ಪೆಟ್ರೋಲ್ ಇಂಜಿನ್ ತಂದು ಹಿತ್ತಲಲ್ಲಿ ಹರಡಿಕೊಂಡಿದ್ದಾನೆ. "ಮನೆಯೆಲ್ಲ ಪೆಟ್ರೋಲ್ ವಾಸನೆ. ಜಪಸರ ಹೇಳೋಕೂ ಆಗಲ್ಲ ಸ್ವಾಮಿ."

ಗದರಿಸಲೆಂದೇ ಹೋದೆ. ಹೋದವನು ಎರಡು ಗಂಟೆ ಅಲ್ಲೇ ಕೂತುಬಿಟ್ಟೆ. ಇದನ್ನು ಇಲ್ಲಿ ಒಪ್ಪಿಕೊಳ್ಳುವುದೇ ಮೇಲು, ಆ ತಾಯಿಗೆ ಹೇಗೂ ಗೊತ್ತು.

ಇಂಜಿನ್ನಿನ ಮ್ಯಾಗ್ನೆಟೋ ಸುಟ್ಟುಹೋಗಿತ್ತು. ಹೊಸದು ಕೊಳ್ಳಲು ಹಣವಿಲ್ಲ. ಹುಡುಗ 12 ವೋಲ್ಟಿನ ಬ್ಯಾಟರಿ, ಹಳೇ ಬೈಕಿನ ಕಾಯಿಲ್, ಒಂದು ಜೊತೆ ಸಿ.ಬಿ. ಪಾಯಿಂಟ್ ಹೊಂದಿಸಿಕೊಂಡು ತನ್ನದೇ ಕಿಡಿ ವ್ಯವಸ್ಥೆ ಕಟ್ಟಿದ್ದ. ಶಾಫ್ಟಿನ ತುದಿಯನ್ನು ಅರದಿಂದ ಒಂದು ಕಡೆ ಉಜ್ಜಿ ಚಪ್ಪಟೆ ಮಾಡಿದ್ದ. ಶಾಫ್ಟ್ ತಿರುಗಿದಂತೆ ಪಾಯಿಂಟ್ ಮುಚ್ಚಿ ತೆರೆಯುತ್ತದೆ. "ಹೊರಗೆ ಕಿಡಿ ಬರ್ತದೆ ಫಾದರ್. ಪ್ಲಗ್ ಒಳಗೆ ಹಾಕಿದರೆ ಸತ್ತುಹೋಗ್ತದೆ" ಎಂದ.

ಅದು ಸಹಜವೇ. ಪಿಸ್ಟನ್ ಒತ್ತಿದ ಗಾಳಿಯಲ್ಲಿ ಅದೇ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಬಯಲಲ್ಲಿ ಕಂಡ ತೆಳ್ಳನೆಯ ಕಿಡಿ ಸಾಲದು. ಕತ್ತಲಾದ ಮೇಲೆ ಮತ್ತೆ ತಿರುಗಿಸಿ ನೋಡಿದೆವು. ಪಾಯಿಂಟ್‌ಗಳ ನಡುವೆಯೇ ನೀಲಿ ಕಿಡಿ ಚಟಪಟ ಎನ್ನುತ್ತಿತ್ತು! ಪ್ಲಗ್ಗಿಗೆ ಸೇರಬೇಕಾದ್ದು ದಾರಿಯಲ್ಲೇ ಸೋರಿಹೋಗುತ್ತಿದೆ. "ಕಂಡೆನ್ಸರ್ ಎಲ್ಲಪ್ಪ?" ಎಂದೆ. ಬೇಡವೆಂದು ಕಿತ್ತಿಟ್ಟಿದ್ದನಂತೆ.

ಆಗ ಅವನಿಗೆ ನಿಕೋಲಸ್ ಕ್ಯಾಲನ್ ಅವರ ಕಥೆ ಹೇಳಿದೆ. ಐರ್ಲೆಂಡಿನ ಗುರುಗಳು. 1826ರಿಂದ 1864ರಲ್ಲಿ ತೀರಿಕೊಳ್ಳುವವರೆಗೂ ಮೇನೂತ್ ಗುರುಮಠದಲ್ಲಿ ಭೌತವಿಜ್ಞಾನ ಕಲಿಸಿದವರು. ಸಂತ ಅಲ್ಫೋನ್ಸ್ ಲಿಗೋರಿಯವರ ಭಕ್ತಿಗ್ರಂಥಗಳನ್ನು ಇಂಗ್ಲಿಷಿಗೆ ತಂದವರೂ ಇವರೇ. 1836ರಲ್ಲಿ ಇವರು ಕಬ್ಬಿಣದ ತುಂಡಿಗೆ ದಪ್ಪ ತಂತಿ, ಅದರ ಜೊತೆ ಬಹಳ ಉದ್ದದ ತೆಳು ತಂತಿ ಸುತ್ತಿದರು. ದಪ್ಪ ತಂತಿಯ ಕರೆಂಟನ್ನು ತಟ್ಟನೆ ಕಡಿದಾಗ ಕಬ್ಬಿಣದ ಕಾಂತಶಕ್ತಿ ಕುಸಿಯುತ್ತದೆ, ಆ ಕ್ಷಣದಲ್ಲಿ ತೆಳು ತಂತಿಯಲ್ಲಿ ಭಾರೀ ವೋಲ್ಟೇಜ್ ಏಳುತ್ತದೆ. ಕರೆಂಟ್ ಹರಿಯುತ್ತಿರುವಾಗ ಅಲ್ಲ, ಕಡಿದಾಗ. ಎಷ್ಟು ಚುರುಕಾಗಿ ಕಡಿದರೆ ಅಷ್ಟು ಬಲ. ಕಂಡೆನ್ಸರ್ ಇರುವುದು ಅದಕ್ಕೇ: ಪಾಯಿಂಟ್ ತೆರೆಯುವಾಗ ಕರೆಂಟ್ ಅಲ್ಲಿ ಕಿಡಿಯಾಗಿ ಎಳೆದಾಡದಂತೆ ಅದು ಒಳಗೆಳೆದುಕೊಳ್ಳುತ್ತದೆ.

ವೋಲ್ಟೇಜ್ ಅಳೆಯಲು ಆ ಕಾಲದಲ್ಲಿ ಸರಿಯಾದ ಸಾಧನ ಇರಲಿಲ್ಲ. ಕ್ಯಾಲನ್ ಗುರುಗಳು ಗುರುಮಠದ ವಿದ್ಯಾರ್ಥಿಗಳ ಕೈಗೇ ತಂತಿ ಕೊಡುತ್ತಿದ್ದರಂತೆ! ಮುಂದೆ ಡಬ್ಲಿನ್ನಿನ ಮಹಾಧರ್ಮಾಧ್ಯಕ್ಷರಾದ ವಿಲಿಯಂ ವಾಲ್ಷ್ ಹಾಗೆ ಪ್ರಜ್ಞೆ ತಪ್ಪಿ ಬಿದ್ದರೆಂದು ಹೇಳುತ್ತಾರೆ. ಮೇಲಿನವರು ತಡೆದ ಮೇಲೆ ಪ್ರಯೋಗ ಕೋಳಿಗಳ ಪಾಲಾಯಿತು. ಕಾಯಿಲ್ಲಿಗೆ ಬಹುಕಾಲ ಪ್ಯಾರಿಸ್ಸಿನ ರುಮ್‌ಕಾರ್ಫ್ ಎಂಬ ಕುಶಲಕರ್ಮಿಯ ಹೆಸರೇ ನಿಂತಿತು. 1860ರಲ್ಲಿ ಲೆನ್ವಾರ್ ತನ್ನ ಗ್ಯಾಸ್ ಇಂಜಿನ್ನಿಗೆ ಕಿಡಿ ಪಡೆದದ್ದು ಅಂಥ ಕಾಯಿಲ್ಲಿನಿಂದಲೇ.

ಹಿತ್ತಲಿನ ಕೋಳಿಗಳನ್ನು ಒಮ್ಮೆ ನೋಡಿ ಹುಡುಗನಿಗೆ ಕೆಲವು ಷರತ್ತು ಹಾಕಿದೆ. ಪ್ಲಗ್ಗನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಬಾರದು, ಇಂಜಿನ್ ಮೈಗೆ ತಾಗಿಸಿ ಕಟ್ಟಬೇಕು. ಆಗ ಪೆಟ್ರೋಲ್ ಡಬ್ಬಿ ಹತ್ತಿರ ಇರಕೂಡದು, ಅದರ ಆವಿಗೆ ಆ ಕಿಡಿ ಸಾಕು. ಕೆಲಸ ಮುಗಿದೊಡನೆ ಬ್ಯಾಟರಿ ತಂತಿ ಬಿಚ್ಚಬೇಕು. ಪಾಯಿಂಟ್ ಮುಚ್ಚಿಕೊಂಡೇ ನಿಂತರೆ ಕಾಯಿಲ್ ಕಾದು ಹಾಳಾಗುತ್ತದೆ. ಬೆಳಿಗ್ಗೆ ಗಣಿತ, ಸಂಜೆ ಇಂಜಿನ್.

ಮುಂದಿನ ವಾರ ಅವನೇ ಬಂದ. ಕಿಡಿ ಈಗ ದಪ್ಪಗಿದೆ, ಆದರೆ ಇಂಜಿನ್ ಹಿಂದಕ್ಕೆ ಒದೆಯುತ್ತಿದೆ. ಕಿಡಿ ಬಹಳ ಬೇಗ ಬರುತ್ತಿದೆ ಎಂದು ಅರ್ಥ. ಪಿಸ್ಟನ್ ತುದಿ ಮುಟ್ಟುವುದಕ್ಕೆ 20 ಡಿಗ್ರಿ ಮೊದಲು ಇಡಬೇಕೆಂದು ಲೆಕ್ಕ ಹಾಕಿದ್ದ. ಆದರೆ ಫ್ಲೈವೀಲ್ ಮೇಲೆ ಡಿಗ್ರಿ ಗುರುತಿಸುವುದು ಹೇಗೆ? "ಅಡ್ಡಳತೆ ಎಷ್ಟು?" ಎಂದೆ. 18 ಸೆಂಟಿಮೀಟರ್. ಹಲಗೆಯ ಮೇಲೆ ಅವನೇ ಸುತ್ತಳತೆ ಕಟ್ಟಿದ, 360ರಿಂದ ಭಾಗಿಸಿದ, 20ರಿಂದ ಗುಣಿಸಿದ. 3.14 ಸೆಂಟಿಮೀಟರ್. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಇದು ಪೈ ಅಲ್ವಾ ಫಾದರ್?" ಎಂದ.

ಶನಿವಾರ ಸಂಜೆ ಎಂಟನೇ ಸಲ ಹಗ್ಗ ಎಳೆದಾಗ ಇಂಜಿನ್ ಹತ್ತಿಕೊಂಡಿತು. ಕೋಳಿಗಳು ಬೇಲಿ ಹಾರಿದವು. ತಾಯಿ ಮರಳಿನ ಬಕೆಟ್ ಹಿಡಿದು ಓಡಿಬಂದವರು ಅದನ್ನು ಕೆಳಗಿಡದೆ, ಇಂಜಿನ್ ನಿಲ್ಲುವ ತನಕ ನೋಡುತ್ತಲೇ ನಿಂತಿದ್ದರು.

ಪರೀಕ್ಷೆ ಬರೆದಿದ್ದಾನೆ. ಫಲಿತಾಂಶ ಇನ್ನೂ ಬಂದಿಲ್ಲ.