ಸಾಕ್ಷ್ಯ ಅಳಿಯುವ ಮುನ್ನ

ಅತ್ಯಾಚಾರಿಗಳನ್ನು ಗಲ್ಲಿಗೇರಿಸಿ ಎಂಬ ಕೂಗು ಈ ದೇಶದಲ್ಲಿ ಪ್ರತಿ ಘಟನೆಯ ಬೆನ್ನಿಗೂ ಏಳುತ್ತದೆ. ಆದರೆ ಶಿಕ್ಷೆಯಾಗಬೇಕಾದರೆ ಸಾಕ್ಷ್ಯ ಉಳಿದಿರಬೇಕು. ಅನೇಕ ಪ್ರಕರಣಗಳಲ್ಲಿ ಅದು ಉಳಿಯುವುದೂ ಅಳಿಯುವುದೂ ನ್ಯಾಯಾಲಯದ ಮೆಟ್ಟಿಲೇರುವುದಕ್ಕೆ ಬಹಳ ಮೊದಲು, ಆಸ್ಪತ್ರೆಯಲ್ಲಿ. ಬಿಲ್ಕಿಸ್ ಬಾನು ಪ್ರಕರಣದ ಅಪರಾಧಿಗಳನ್ನು 2022ರಲ್ಲಿ ಬಿಡುಗಡೆ ಮಾಡಿದ್ದೂ 2024ರ ಜನವರಿಯಲ್ಲಿ ಸುಪ್ರೀಮ್ ಕೋರ್ಟ್ ಅದನ್ನು ರದ್ದುಪಡಿಸಿದ್ದೂ ಎಲ್ಲರಿಗೂ ತಿಳಿದಿದೆ. ಅದೇ ಪ್ರಕರಣದಲ್ಲಿ 2017ರಲ್ಲಿ ಬಾಂಬೆ ಹೈಕೋರ್ಟ್ ಐವರು ಪೊಲೀಸರ ಜೊತೆಗೆ ಇಬ್ಬರು ವೈದ್ಯರನ್ನೂ ತಪ್ಪಿತಸ್ಥರೆಂದು ಘೋಷಿಸಿದ್ದು ಎಷ್ಟು ಮಂದಿಗೆ ನೆನಪಿದೆ?

ಕಾನೂನಿಗೇನೂ ಕೊರತೆಯಿಲ್ಲ. ಸಂತ್ರಸ್ತೆಗೆ ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ನೀಡಬೇಕೆಂದು 2013ರಲ್ಲೇ ಕಾನೂನು ಬಂತು. ನಿರಾಕರಿಸಿದರೆ ಒಂದು ವರ್ಷದವರೆಗೆ ಜೈಲು. 2024ರಲ್ಲಿ ಜಾರಿಯಾದ ಹೊಸ ಸಂಹಿತೆಗಳಲ್ಲೂ ಇದು ಉಳಿದಿದೆ. ಅವಮಾನಕರವಾದ ಎರಡು ಬೆರಳಿನ ಪರೀಕ್ಷೆಯನ್ನು ನಡೆಸುವುದು ದುರ್ನಡತೆಯೆಂದು ಸುಪ್ರೀಮ್ ಕೋರ್ಟ್ 2022ರಲ್ಲಿ ಸಾರಿತು. ಇಲ್ಲದಿರುವುದು ಇವನ್ನು ಪಾಲಿಸುವ ತರಬೇತಾದ ಕೈಗಳು.

ಅಮೆರಿಕದಲ್ಲಿ ಈ ಕೊರತೆಯನ್ನು ತುಂಬಿದವರು ನರ್ಸ್‌ಗಳು. 1970ರ ದಶಕದಲ್ಲಿ ಆರಂಭವಾದ ಆ ಪ್ರಯತ್ನ 1992ರಲ್ಲಿ ಫೋರೆನ್ಸಿಕ್ ನರ್ಸ್‌ಗಳ ಅಂತಾರಾಷ್ಟ್ರೀಯ ಸಂಘಟನೆಯ ರೂಪ ತಾಳಿತು. ನಮ್ಮಲ್ಲಿ ಪರೀಕ್ಷೆ ನಡೆಸುವ ಅಧಿಕಾರ ವೈದ್ಯರದು, ಅದಿರಲಿ. ಆದರೆ ಬಾಗಿಲಲ್ಲಿ ಬಂದು ನಿಂತವಳನ್ನು ಪ್ರತ್ಯೇಕ ಕೋಣೆಗೆ ಕರೆದೊಯ್ಯುವುದು, ಅವಳ ಒಪ್ಪಿಗೆ ಕೇಳುವುದು, ಅವಳ ಮಾತನ್ನು ಅವಳದೇ ಶಬ್ದಗಳಲ್ಲಿ ದಾಖಲಿಸುವುದು, ಬಟ್ಟೆಗಳನ್ನು ಒಣಗಿಸಿ ಕಾಗದದಲ್ಲಿ ಸುತ್ತಿ ಮೊಹರು ಹಾಕಿಸುವುದು, ಗರ್ಭ ಹಾಗೂ ಎಚ್‌ಐವಿ ತಡೆಯುವ ಔಷಧಿ 72 ಗಂಟೆಗಳೊಳಗೆ ಸಿಗುವಂತೆ ನೋಡುವುದು, ಇವೆಲ್ಲ ನುರಿತ ನರ್ಸ್ ಮಾಡಬಲ್ಲ ಕೆಲಸಗಳು. ಬಚ್ಚಲಲ್ಲಿ ಜಾರಿ ಬಿದ್ದೆನೆಂದು ಹೇಳುವ ಗೃಹಿಣಿಯ ತೋಳಿನಲ್ಲಿ ಬೆರಳುಗಳ ಗುರುತನ್ನು ಕಾಣಬಲ್ಲವಳೂ ಅವಳೇ.

ಭಾರತೀಯ ನರ್ಸಿಂಗ್ ಪರಿಷತ್ತು 2021ರ ಪಠ್ಯಕ್ರಮದಲ್ಲಿ ಬಿಎಸ್ಸಿ ನರ್ಸಿಂಗ್‌ನ ಐದನೇ ಸೆಮಿಸ್ಟರಿಗೆ ಈ ವಿಷಯವನ್ನು ಸೇರಿಸಿದ್ದು ಸ್ವಾಗತಾರ್ಹ. ಆದರೆ ಒಂದು ಕ್ರೆಡಿಟ್ಟಿನ ಪಾಠ ಪರಿಚಯವಾದೀತೇ ಹೊರತು ಪರಿಣತಿಯಾಗದು. ಪ್ರತಿ ತಾಲೂಕು ಆಸ್ಪತ್ರೆಯ ಪ್ರತಿ ಪಾಳಿಯಲ್ಲೂ ಇಂಥ ತರಬೇತಿ ಪಡೆದ ಒಬ್ಬ ನರ್ಸ್ ಇರುವಂತೆ ಸರಕಾರ ನೋಡಿಕೊಳ್ಳಲಿ.

ಸರಕಾರವನ್ನು ಟೀಕಿಸುವ ನಾವು ನಮ್ಮ ಮನೆಯಂಗಳವನ್ನೂ ನೋಡಬೇಕು. ದೌರ್ಜನ್ಯವಾದೊಡನೆ ಮಗಳಿಗೆ ಸ್ನಾನ ಮಾಡಿಸಿ, ಬಟ್ಟೆ ಒಗೆದು, ಮಾನದ ಹೆಸರಿನಲ್ಲಿ ಬಾಯಿ ಮುಚ್ಚಿಸುವ ಕುಟುಂಬಗಳು ನಮ್ಮಲ್ಲಿವೆ. ಹಿರಿಯರು ಕೂತು ರಾಜಿ ಮಾಡಿಸುವುದೂ ಇದೆ. ಸ್ನಾನದ ನೀರಿನಲ್ಲಿ ಹರಿದುಹೋಗುವುದು ಅವಳ ನ್ಯಾಯ. ಸಾಕ್ಷ್ಯವನ್ನು ಬಚ್ಚಿಡಬಾರದೆಂದು ಕುರ್‌ಆನ್ ಆದೇಶಿಸಿರುವಾಗ ಈ ಮೌನಕ್ಕೆ ಧರ್ಮದ ಹೊದಿಕೆ ಹಾಕುವುದು ಯಾವ ನ್ಯಾಯ?

ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರನ್ನು(ರ) ಪ್ರವಾದಿವರ್ಯರು(ಸ) ಮದೀನಾದ ಮಸೀದಿಯಲ್ಲಿದ್ದ ರುಫೈದಾರ(ರ) ಡೇರೆಗೆ ಕಳುಹಿಸಿದರು. ಒಬ್ಬ ಮಹಿಳೆ ಮಸೀದಿಯ ಆವರಣದಲ್ಲೇ ಗಾಯಾಳುಗಳ ಶುಶ್ರೂಷೆ ಮಾಡಿದ ಚರಿತ್ರೆ ನಮ್ಮದು. ರಾತ್ರಿ ಪಾಳಿಯ ಕಾರಣ ಹೇಳಿ ಮಗಳನ್ನು ನರ್ಸಿಂಗ್ ಕಲಿಕೆಯಿಂದ ತಡೆಯುವ ತಂದೆ, ಅದೇ ಮಗಳು ಒಂದು ರಾತ್ರಿ ಗಾಯಗೊಂಡು ಆಸ್ಪತ್ರೆಗೆ ಹೋದರೆ ಅಲ್ಲಿ ಯಾರಿರಬೇಕೆಂದು ಬಯಸುತ್ತಾನೆ?