ಹವಳವೂ ಉದ್ಯಾನವೂ

ರಜೆ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಅನುಕೂಲಸ್ಥರಿಗೆ ಈಗ ಹೊಸದೊಂದು ಯಾತ್ರೆ ಒದಗಿದೆ. ಕೆಲವರು ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು ೧೯ ಕಿಲೋಮೀಟರ್ ಆಚೆಗಿರುವ ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿಯುತ್ತಾರೆ. ಕೈ ಇನ್ನೂ ಧಾರಾಳವಾಗಿದ್ದವರು ಅಂಡಮಾನಿಗೆ ಹಾರಿ, ವಂಡೂರಿನಲ್ಲಿ ೧೯೮೩ರಲ್ಲಿ ಸ್ಥಾಪಿತವಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನವನ್ನು ನೋಡಿ ಬರುತ್ತಾರೆ. ಬಂದವರು ಹವಳದ ಬಣ್ಣವನ್ನು ಬಾಯ್ತುಂಬ ಹೊಗಳುತ್ತಾರೆ. ಹೊಗಳಲಿ, ಅದು ಹೊಗಳತಕ್ಕದ್ದೇ. ನನ್ನ ತಕರಾರು ಅವರು ಹೋದುದಕ್ಕಲ್ಲ, ಮರಳಿ ಬಂದು ಆಡುವ ಒಂದು ಮಾತಿಗೆ: "ನಮ್ಮ ಕರಾವಳಿಗೂ ಅಂಥದೊಂದು ಉದ್ಯಾನವಾಗಲಿ, ಕಡಲು ತಾನಾಗಿ ಉಳಿಯುತ್ತದೆ."

ಇಲ್ಲಿ ನಮ್ಮನ್ನು ಮೊದಲು ದಾರಿ ತಪ್ಪಿಸುವುದು 'ಉದ್ಯಾನ'ವೆಂಬ ಶಬ್ದವೇ. ಹಳೆಯ ಕಾವ್ಯಗಳಲ್ಲಿ ಉದ್ಯಾನವೆಂದರೆ ಅರಸರ ವಿಹಾರಸ್ಥಾನ. ಆ ಶಬ್ದವನ್ನು ಕಾಡಿಗೂ ಕಡಲಿಗೂ ಅಂಟಿಸಿದ ಮೇಲೆ, ಟಿಕೇಟು ಕೊಂಡವನು ತಾನೇ ಅರಸನೆಂದು ತಿಳಿದರೆ ಆಶ್ಚರ್ಯವೇನು? ಉದ್ಯಾನವೆಂಬುದು ನಿಜವಾಗಿ ನಮ್ಮ ಕೈಗೆ ಹಾಕಿದ ಕಟ್ಟು, ಕಣ್ಣಿಗೆ ಇಟ್ಟ ಹಬ್ಬವಲ್ಲ.

'ಹವಳ'ವೂ ಹಾಗೆಯೇ. ನಮಗೆ ಅದು ನವರತ್ನಗಳಲ್ಲೊಂದು, ಸರದ ಮಣಿ. ಆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದಿಂದ ಶತಮಾನಗಳ ಕಾಲ ಹಡಗೇರಿ ಬಂದ ಸರಕು. ದಿಬ್ಬ ಕಟ್ಟುವ ಹವಳದ ಜಾತಿಯೇ ಬೇರೆ. ಅದು ಕಲ್ಲಲ್ಲ, ಕಿರುಜೀವಿಗಳ ಒಂದು ಊರು. ಆ ಜೀವಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಒಕ್ಕಲಿದೆ. ಒಕ್ಕಲು ಬಿಸಿಲಿನಿಂದ ಅನ್ನ ಮಾಡಿ ಧಣಿಗೂ ಉಣಿಸುತ್ತದೆ. ನೀರು ಕದಡಿದರೆ ಬಿಸಿಲು ಕೆಳಗಿಳಿಯದು. ಕಡಲಿನ ಕಾವು ಏರಿದರೆ ಪಾಚಿ ಹೊರಬಿದ್ದು ಹವಳ ಬಿಳಿಚುತ್ತದೆ. ಹಾಗೆಯೇ ಬಹುಕಾಲ ಉಳಿದರೆ ಸಾಯುತ್ತದೆ. ಲಕ್ಷದ್ವೀಪದ ಹವಳ ೧೯೯೮, ೨೦೧೦, ೨೦೧೬, ೨೦೨೪ರಲ್ಲಿ ಹೀಗೆ ಬಿಳಿಚಿತು. ವನ್ಯಜೀವಿ ಕಾಯಿದೆ ೨೦೦೧ರಲ್ಲಿ ಹವಳಕ್ಕೆ ರಕ್ಷಣೆಯಿತ್ತಿದೆ. ಆದರೆ ಕಾಯಿದೆ ಕೈಯನ್ನು ತಡೆದೀತು, ಕೆಸರನ್ನು ತಡೆಯದು.

ಆ ಕೆಸರು ಎಲ್ಲಿಂದ ಹೊರಡುತ್ತದೆ? ನಮ್ಮ ಮನೆಯ ಬಾಗಿಲಿನಿಂದ. ನೇತ್ರಾವತಿ ಕುದುರೆಮುಖದ ಸಾಲಿನಲ್ಲಿ ಹುಟ್ಟಿ, ಬೆಳ್ತಂಗಡಿಯ ಸೀಮೆಯನ್ನು ಹಾದು, ಬಂಟ್ವಾಳವನ್ನು ಬಳಸಿ ಕಡಲಿಗಿಳಿಯುತ್ತಾಳೆ. ಫಲ್ಗುಣಿ ವೇಣೂರನ್ನು ದಾಟಿ, ಮೂಡಬಿದಿರೆಯ ತೆಂಕಣ ದಿಕ್ಕಿನಲ್ಲಿ ಹರಿದು, ಗುರುಪುರದ ಹೊಳೆಯೆನಿಸಿ ಅದೇ ಅಳಿವೆಗೆ ಸೇರುತ್ತಾಳೆ. ಈ ಕೆಸರೇ ನೇತ್ರಾಣಿಯ ಹವಳವನ್ನು ಕೊಲ್ಲುತ್ತಿದೆಯೆಂದು ನಾನು ಹೇಳುತ್ತಿಲ್ಲ. ಅದು ದೂರ, ಅದರ ಬಡಗಣ ಕರೆಗೆ ಶರಾವತಿಯಿದ್ದಾಳೆ. ಆದರೆ ಪ್ರತಿಯೊಂದು ಹೊಳೆಯ ದಡದವರೂ ತಪ್ಪು ಪಕ್ಕದ ಹೊಳೆಯದೆಂದರೆ, ಕಡಲಿಗೆ ವಕೀಲರು ಯಾರು?

"ನಾವು ಘಟ್ಟದ ಬುಡದವರು, ಕಡಲಿನ ಚಿಂತೆ ಮೊಗವೀರರಿಗೆ ಸೇರಿದ್ದು" ಎನ್ನುವವರಿದ್ದಾರೆ. ಅಂಥವರು ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ ಒಮ್ಮೆ ಹೋಗಲಿ. ೧೪೩೦ರಲ್ಲಿ ಕಟ್ಟಿದ ಆ ಬಸದಿಯ ಕೆತ್ತನೆಗಳಲ್ಲಿ ಆಫ್ರಿಕದ ಜಿರಾಫೆಯಿದೆ, ಚೀನಾದ ಡ್ರಾಗನ್ ಇದೆ. ಕಡಲು ತಂದ ಸುದ್ದಿಯನ್ನು ಕಲ್ಲಿನಲ್ಲಿ ಬರೆದಿಟ್ಟ ಊರು ಕಡಲಿನ ಲೆಕ್ಕದಿಂದ ಈಗ ಜಾರಿಕೊಳ್ಳುವುದು ನ್ಯಾಯವೆ?

ಇನ್ನು, ಫಲಕ ನೆಟ್ಟರೆ ಸಾಕೆನ್ನುವವರಿಗೆ ಉತ್ತರ ಮನೆಯ ಹಿತ್ತಿಲಲ್ಲೇ ಇದೆ. ಸುಮಾರು ೬೦೦ ಚದರ ಕಿಲೋಮೀಟರಿನ ಕುದುರೆಮುಖ ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ಒಂದು ಪಾಲು ಬೆಳ್ತಂಗಡಿ ತಾಲೂಕಿನದು. ಹಾಗೆ ಸಾರಿದ ಮೇಲೂ ಅಲ್ಲಿಯ ಅದಿರಿನ ಗಣಿ ನಿಂತದ್ದು ಸುಪ್ರೀಂ ಕೋರ್ಟಿನ ಆಜ್ಞೆಯಿಂದ, ೨೦೦೫ರ ಕೊನೆಗೆ. ಹೆಸರಿಗೂ ರಕ್ಷಣೆಗೂ ನಡುವೆ ಹದಿನೆಂಟು ವರ್ಷ!

ನೋಡಿದರೆ ಪ್ರೀತಿ ಹುಟ್ಟುತ್ತದೆ, ಪ್ರೀತಿಯಿಂದ ರಕ್ಷಣೆ ಎಂಬುದು ಇನ್ನೊಂದು ವಾದ. ಪ್ರೀತಿ ಹುಟ್ಟಿದ್ದರೆ ಅದರ ಗುರುತು ಎಲ್ಲಿ? ವಂಡೂರಿನಿಂದ ಜಾಲಿಬಾಯ್ ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಅಲ್ಲಿ ನಮ್ಮವರು ಎಷ್ಟು ವಿಧೇಯರು! ಅದೇ ಮಹನೀಯರು ಊರಿಗೆ ಬಂದು, ಪಾಣೆಮಂಗಳೂರಿನ ಸೇತುವೆಯ ಮೇಲೆ ಕಾರು ನಿಧಾನಿಸಿ ಕಸದ ಗಂಟನ್ನು ನೇತ್ರಾವತಿಗೆ ಒಪ್ಪಿಸಿದರೆ, ಆ ಯಾತ್ರೆಯ ಪುಣ್ಯ ಯಾರಿಗೆ?

"ಭೂಮಿಯೇ ಕಾಯುತ್ತಿರುವಾಗ ನಮ್ಮ ಹಿಡಿ ಕೆಸರಿನ ಲೆಕ್ಕವೇನು?" ಎಂದು ಕೇಳುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಡಲಿನ ಕಾವನ್ನು ಮೂರು ಊರಿನವರು ಇಳಿಸಲಾರರು, ನಿಜ. ಆದರೆ ಜ್ವರ ಬಂದ ರೋಗಿಗೆ ಶುದ್ಧವಾದ ಗಾಳಿ ಕೊಡುವುದು ಬೇಡವೆ? ತಿಳಿನೀರಿನ ಹವಳ ಬಿಳಿಚಿದರೂ ಚೇತರಿಸಿಕೊಂಡೀತು. ಕೆಸರಿನಲ್ಲಿ ಹೂತದ್ದಕ್ಕೆ ಆ ಭಾಗ್ಯವಿಲ್ಲ.

ಮುರುಡೇಶ್ವರದ ದೋಣಿಯವರ ಹೊಟ್ಟೆಯ ಮೇಲೆ ಹೊಡೆಯಬೇಕೆಂಬುದು ನನ್ನ ಮತವಲ್ಲ. ಹೋಗುವವರು ಹೋಗಲಿ. ಆದರೆ ಹೊಸ ಉದ್ಯಾನ ಬೇಡುವ ಮನವಿಗೆ ರುಜು ಹಾಕುವ ಮೊದಲು, ಊರ ಚರಂಡಿಯ ನೀರು ಶುದ್ಧವಾಗದೆ ಹೊಳೆಗಿಳಿಯಬಾರದು, ಹೊಳೆಯ ಒಡಲಿನಿಂದ ಲೆಕ್ಕವಿಲ್ಲದೆ ಹೊಯಿಗೆ ಎತ್ತಬಾರದು, ಘಟ್ಟದ ಇಳಿಜಾರನ್ನು ಬೋಳಿಸಬಾರದು ಎಂಬ ಮೂರು ಮಾತಿಗೆ ಅವರ ರುಜು ಬೀಳಲಿ. ಅದಕ್ಕೆ ವಿಮಾನವೂ ಬೇಡ, ಸಿಲಿಂಡರೂ ಬೇಡ; ಕಡಲು ಮೇಲಿನಿಂದಲೇ ಆರಂಭವಾಗುತ್ತದೆಂಬ ತಿಳಿವು ಸಾಕು.